ತಲೆ ಮೇಲೆ ಹೊತ್ತ ಪುಸ್ತಕ

ಈಗ ನಾನು ಓದ್ತಾ ಇರೋದು ಗಳಗನಾಥರ ‘ಮಾಧವ ಕರುಣಾ ವಿಲಾಸ’, ವಿಜಯನಗರ ಹುಟ್ಟಿದ ಕತೆ.

1869ರಲ್ಲಿ ಹುಟ್ಟಿದ ಗಳಗನಾಥರು, ಅಂದ್ರೆ ವೆಂಕಟೇಶ ತಿರಕೋ ಕುಲಕರ್ಣಿ, ಶಾಲಾ ಮೇಷ್ಟ್ರು. ಆಗಿನ ಮುಂಬೈ ಕರ್ನಾಟಕದಲ್ಲಿ ಮರಾಠಿಯದೇ ಜೋರು, ಕನ್ನಡ ಪುಸ್ತಕ ಕೊಳ್ಳುವವರು ಕಡಿಮೆ. ಅವರು ತಾವೇ ಬರೆದ ಕಾದಂಬರಿಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು.

ನಮ್ಮೂರಿಗೆ ಪೇಪರ್ ಬರ್ತಿದ್ದುದೇ ಮಧ್ಯಾಹ್ನದ ಬಸ್ಸಿಗೆ. ಓದಿನ ಬೆಲೆ ನನಗೆ ಗೊತ್ತಿರಬೇಕಿತ್ತು. ಆದ್ರೂ ಹೋದ ತಿಂಗಳು ಆಫೀಸಿನ ಗೆಳೆಯ ಕೇಳಿದಾಗ 10 ಪುಸ್ತಕಗಳ ಪಟ್ಟಿ ಕಳಿಸಿಬಿಟ್ಟೆ. ಅದರಲ್ಲಿ ನಾನು ಓದಿದ್ದು 4. ‘ಐದನೇದು ಹೆಂಗಿದೆ?’ ಅಂತ ನಿನ್ನೆ ಕೇಳಿದ. ನನ್ನ ಹತ್ರ ಉತ್ತರ ಇರ್ಲಿಲ್ಲ.

ಇನ್ಮೇಲೆ ಓದಿದ್ದನ್ನಷ್ಟೇ ಹೇಳೋದು. ಇದಿನ್ನೂ ಅರ್ಧ ಆಗಿದೆ, ಮುಗಿಸಿ ಹೇಳ್ತೀನಿ. ನೀವೇನು ಓದ್ತಿದ್ದೀರಿ?