ರಾಜರತ್ನಂ, ಜಿ. ಪಿ.: ಮಕ್ಕಳ ಕವಿ, ಸಾಹಿತ್ಯ ಪರಿಚಾರಕ

ಗುಂಡ್ಲು ಪಂಡಿತ ರಾಜರತ್ನಂ ರಾಮನಗರದಲ್ಲಿ ಹುಟ್ಟಿದರು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದಾಗಿ ಊರಿಗೆ ಆಗ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಹುಟ್ಟಿದ ದಿನ ಡಿಸೆಂಬರ್ 5. ವರ್ಷದ ಮಾತು ಬಂದಾಗ ಮಾತ್ರ ಪುಸ್ತಕಗಳು ಜಗಳಕ್ಕೆ ಬೀಳುತ್ತವೆ: 1904, 1908, 1909 ಮೂರೂ ಅಚ್ಚಾಗಿವೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಅವರು ಕನ್ನಡ ಎಂ.ಎ. ಮುಗಿಸಿದ್ದು 1931ರಲ್ಲಿ.

ಪದವಿ ಸಿಕ್ಕಿತು, ಕೆಲಸ ಸಿಗಲಿಲ್ಲ. ಕೆಲಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಪಠ್ಯದಲ್ಲಿದ್ದ ಪದ್ಯಗಳು ಅವರಿಗೆ ಹಿಡಿಸಲಿಲ್ಲ, ತಾವೇ ಬರೆಯತೊಡಗಿದರು. ‘ತುತ್ತೂರಿ’ ಬಂದದ್ದು ಹೀಗೆ. ಹೊಸ ತುತ್ತೂರಿ ಕೊಂಡ ಹುಡುಗನೊಬ್ಬ ಬೀಗುತ್ತ ಊದಿಕೊಂಡು ಹೊರಡುತ್ತಾನೆ, ತುತ್ತೂರಿ ಕೊಳಕ್ಕೆ ಜಾರುತ್ತದೆ, ಅದರ ದನಿ ಕೆಡುತ್ತದೆ. ಕಥೆ ಅಷ್ಟೇ. ಜಂಬ ಪಡಬಾರದು ಎಂಬ ನೀತಿ ಅದರಲ್ಲಿ ಇಲ್ಲದಿಲ್ಲ. ಆದರೆ ಮಗುವಿಗೆ ಬೇಕಾದದ್ದು ಊದುವ ಸದ್ದು, ನೀರಿಗೆ ಬೀಳುವ ಗಮ್ಮತ್ತು. ಕವಿಗೆ ಅದು ಗೊತ್ತಿತ್ತು. ‘ನಾಯಿಮರಿ’ ಇನ್ನೂ ಜಾಣತನದ ರಚನೆ: ಇಡೀ ಪದ್ಯ ಮಗು ಮತ್ತು ನಾಯಿಮರಿಯ ಸವಾಲು–ಜವಾಬು, ಆದ್ದರಿಂದ ಇಬ್ಬರು ಮಕ್ಕಳು ಕೂಡಿ ಅದನ್ನು ಆಟದಂತೆ ಆಡಬಹುದು.

ಕನ್ನಡದಲ್ಲಿ ಮಕ್ಕಳ ಸಾಹಿತ್ಯ ಅವರಿಂದಲೇ ಶುರುವಾಯಿತು ಎನ್ನುವಂತಿಲ್ಲ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು 1921ರಲ್ಲೇ ಬಾಲ ಸಾಹಿತ್ಯ ಮಂಡಲ ಕಟ್ಟಿದ್ದರು. ಕುವೆಂಪು ಬ್ರೌನಿಂಗನ ಕವಿತೆಯೊಂದನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸಿದ್ದರು. ರಾಜರತ್ನಂ ಇನ್ನೂ ಚಿಕ್ಕ ವಯಸ್ಸಿನ ಕೇಳುಗರನ್ನು ಹಿಡಿದರು. ಎಣಿಕೆ ಕಲಿಯುವ, ತೊದಲುವ ಮಕ್ಕಳಿಗೆ ‘ಕಡಲೆಪುರಿ’, ‘ಕಲ್ಲುಸಕ್ಕರೆ’, ‘ಗುಲಗಂಜಿ’ ಎಂಬ ಪುಸ್ತಕಗಳನ್ನು ಕೊಟ್ಟರು. ಶೀರ್ಷಿಕೆಗಳೇ ಅಂಗಿಯ ಜೇಬಿನಲ್ಲಿ ತುಂಬಿಕೊಳ್ಳುವಂಥವು.

ಅದೇ ಕಾಲದಲ್ಲಿ, ಅದೇ ಕೈಯಿಂದ, ಹೆಂಡದಂಗಡಿಯ ಕನ್ನಡವೂ ಹೊರಬಂತು. ಅಯ್ಯಂಗಾರ್ ಮನೆತನದ, ಹೆಂಡ ಮುಟ್ಟದ ಈ ಯುವಕ ‘ಎಂಡ್ಕುಡ್ಕ ರತ್ನ’ನಾಗಿ ಹಾಡಿದ್ದು ‘ರತ್ನನ ಪದಗಳು’. ಹೆಂಡತಿ ನಂಜಿಯ ಮೇಲಿನ ಪ್ರೀತಿ, ಬಡತನ, ಮಡಿಕೇರಿಯ ಮಂಜು ಎಲ್ಲವೂ ಹಳ್ಳಿಯವರ ಉಚ್ಚಾರಣೆಯಲ್ಲೇ ಇವೆ. ಮಕ್ಕಳ ಪದ್ಯ ಒಂದು ಕಡೆ, ಕುಡುಕನ ಪದ ಇನ್ನೊಂದು ಕಡೆ ಎಂದು ವಿಮರ್ಶಕರು ಬೇರೆಯಾಗಿ ಇಡುವುದುಂಟು. ಆದರೆ ಎರಡಕ್ಕೂ ಬೇಕಾದದ್ದು ಒಂದೇ ಕಿವಿ: ಬರಹಕ್ಕೆ ಸೇರದ ಮಾತನ್ನು ಕೇಳಿಸಿಕೊಳ್ಳುವ ಕಿವಿ.

ಕೆಲಸ ಹುಡುಕಿ ಹೈದರಾಬಾದಿಗೆ ಹೋಗಿ ಬರಿಗೈಲಿ ಮರಳಿದಾಗ ಬೆನ್ನು ತಟ್ಟಿದವರು ಮಾಸ್ತಿ. ಡಿ.ವಿ.ಜಿ. ಅವರ ಪ್ರೇರಣೆಯೂ ಸೇರಿ, ಮುಂದೆ ಪಾಲಿ ಗ್ರಂಥಗಳತ್ತ ಹೊರಳಿದರು. ‘ಧರ್ಮದಾನಿ ಬುದ್ಧ’, ‘ಬುದ್ಧನ ಜಾತಕಗಳು’, ‘ಚೀನಾದೇಶದ ಬೌದ್ಧ ಯಾತ್ರಿಕರು’ ಆ ಓದಿನ ಫಲ. ಜೈನ ಸಾಹಿತ್ಯಕ್ಕೂ ದುಡಿದರು. ಪ್ರಕಟಣೆಗೆಂದು ಶಾಕ್ಯ ಸಾಹಿತ್ಯ ಮಂಟಪ ನಡೆಸಿದರು.

1938ರಲ್ಲಿ ಕನ್ನಡ ಅಧ್ಯಾಪಕರಾದ ಮೇಲೆ ಮೈಸೂರು, ತುಮಕೂರು, ಶಿವಮೊಗ್ಗ, ಬೆಂಗಳೂರು ಎಂದು ಕಾಲೇಜು ಬದಲಾದವು, ಚಾಳಿ ಬದಲಾಗಲಿಲ್ಲ: ಹುಡುಗರಿಂದ ಬರೆಸುವುದು, ತಿದ್ದುವುದು, ಅಚ್ಚು ಹಾಕಿಸುವುದು. ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ್ದ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ರಾಜರತ್ನಂ ಅವರ ಕಾಲದಲ್ಲಿ ಸ್ಪರ್ಧೆಗಳಿಂದ, ವಿದ್ಯಾರ್ಥಿಗಳ ಪುಸ್ತಕಗಳಿಂದ ಗದ್ದಲ ತುಂಬಿಕೊಂಡಿತ್ತು. ಕವಿ ಕೆ. ಎಸ್. ನಿಸಾರ್ ಅಹಮದ್ ಅಲ್ಲಿ ಅವರ ಶಿಷ್ಯರು. ಸಂಪಾದಕನ ಹೆಸರು ಮುಖಪುಟದಲ್ಲಿ ನಿಲ್ಲದ ಇಂಥ ದುಡಿಮೆಗೆ ಸಾಹಿತ್ಯ ಚರಿತ್ರೆಗಳು ಒಂದೆರಡು ಸಾಲಿಗಿಂತ ಹೆಚ್ಚು ಕೊಟ್ಟಿಲ್ಲ. ‘ಸಾಹಿತ್ಯ ಪರಿಚಾರಕ’ ಎಂಬ ಬಿರುದು ಅವರಿಗೆ ಒಪ್ಪಿದ್ದು ಈ ದುಡಿಮೆಯಿಂದಲೇ.

1964ರಲ್ಲಿ ನಿವೃತ್ತರಾದರು. 1978ರಲ್ಲಿ ದೆಹಲಿಯ 50ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1979ರ ಮಾರ್ಚ್‌ನಲ್ಲಿ ತೀರಿಕೊಂಡರು. ರತ್ನನ ಪದಗಳನ್ನು ಮೈಸೂರು ಅನಂತಸ್ವಾಮಿ ಸುಗಮ ಸಂಗೀತದ ವೇದಿಕೆಗೆ ತಂದರು. ಮಕ್ಕಳ ಪದ್ಯಗಳಿಗೆ ಅಂಥ ಗಾಯಕರ ಅಗತ್ಯ ಬೀಳಲಿಲ್ಲ. ಬರೆದವರು ಯಾರೆಂದು ತಿಳಿಯದ ತಾಯಂದಿರೂ ಅವನ್ನು ಹೇಳಿಕೊಡುತ್ತಾರೆ.