ಸೆಲೆಕ್ಟಿವ್ ಡಾರ್ಸಲ್ ರೈಜಾಟಮಿ: ಇತಿಹಾಸ

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕಾಲುಗಳ ಸ್ನಾಯುಬಿಗಿತ ತಗ್ಗಿಸಲು, ಬೆನ್ನುಹುರಿಯ ಹಿಂಬದಿಯ ನರಮೂಲಗಳ ಕೆಲವು ಎಳೆಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ. ಇದನ್ನು 1980ರ ದಶಕದ ಆವಿಷ್ಕಾರ ಎನ್ನುವುದು ಪೂರ್ತಿ ಸರಿಯಲ್ಲ.

ಸ್ನಾಯು ಹಿಗ್ಗಿದಾಗ ಹೊರಡುವ ಸಂದೇಶ ಹಿಂಬದಿಯ ನರಮೂಲದ ಮೂಲಕ ಹುರಿಯನ್ನು ಸೇರಿ, ಅದೇ ಸ್ನಾಯುವನ್ನು ಕುಗ್ಗಿಸುತ್ತದೆ. ಮಿದುಳಿಗೆ ಪೆಟ್ಟಾದಾಗ ಈ ಪ್ರತಿಕ್ರಿಯೆಗೆ ಅಂಕೆ ತಪ್ಪುತ್ತದೆ. ಆ ನರಮೂಲಗಳನ್ನು ಕತ್ತರಿಸಿದರೆ ಬಿಗಿತ ಸಡಿಲುವುದನ್ನು ಚಾರ್ಲ್ಸ್ ಶೆರಿಂಗ್ಟನ್ 1898ರಲ್ಲಿ ಬೆಕ್ಕುಗಳಲ್ಲಿ ತೋರಿಸಿದರು. ಬ್ರೆಸ್ಲೌ ನಗರದ ಓಟ್‌ಫ್ರಿಡ್ ಫೊರ್ಸ್ಟರ್ 1908ರಲ್ಲಿ ಅದನ್ನು ರೋಗಿಗಳಿಗೆ ಅನ್ವಯಿಸಿ, 1913ರಲ್ಲಿ 159 ಪ್ರಕರಣಗಳನ್ನು ವರದಿ ಮಾಡಿದರು. ಇಡೀ ನರಮೂಲಗಳನ್ನೇ ಕತ್ತರಿಸುತ್ತಿದ್ದುದರಿಂದ ಸ್ಪರ್ಶಜ್ಞಾನಕ್ಕೂ ಕುತ್ತು ಬರುತ್ತಿತ್ತು. ವಿಧಾನ ಮೂಲೆಗೆ ಸರಿಯಿತು.

‘ಆಯ್ದು ಕತ್ತರಿಸುವ’ ಕ್ರಮದ ಶ್ರೇಯಸ್ಸು ಒಬ್ಬರದಲ್ಲ. 1960ರ ದಶಕದಲ್ಲಿ ಮಾಂಟ್‌ಪೆಲಿಯೆಯ ಕ್ಲಾಡ್ ಗ್ರೊ ಪ್ರತಿ ನರಮೂಲದಲ್ಲೂ ಕೆಲವು ಎಳೆಗಳನ್ನು ಉಳಿಸತೊಡಗಿದರು. ಯಾವುದನ್ನು ಕತ್ತರಿಸಬೇಕೆಂದು ವಿದ್ಯುತ್ ಪ್ರಚೋದನೆಯಿಂದ ಗುರುತಿಸಿದವರು ಟ್ಯೂರಿನ್ನಿನ ವಿಕ್ಟರ್ ಫಸಾನೊ. ಅವರ ವರದಿ ಬಂದದ್ದು 1970ರ ದಶಕದ ಕೊನೆಯಲ್ಲಿ. ಕೇಪ್‌ಟೌನಿನ ವಾರ್ವಿಕ್ ಪೀಕಾಕ್ ಕೆಲಸವನ್ನು ಹುರಿಯ ತುದಿಯಿಂದ ಕೆಳಗೆ, ನರಮೂಲಗಳನ್ನು ಒಂದೊಂದಾಗಿ ಗುರುತಿಸಬಹುದಾದ ಜಾಗಕ್ಕೆ ಇಳಿಸಿದರು. ಮಲಮೂತ್ರ ನಿಯಂತ್ರಣದ ನರಗಳನ್ನು ಕಾಪಾಡುವುದು ಇದರಿಂದ ಸುಲಭವಾಯಿತು. 1986ರಲ್ಲಿ ಅವರು ಲಾಸ್ ಏಂಜಲೀಸ್‌ಗೆ ತೆರಳಿದಾಗ ವಿಧಾನವೂ ಅಮೆರಿಕದಲ್ಲಿ ಹರಡಿತು. ಆವಿಷ್ಕಾರದ ಹೆಸರು ಅವರಿಗೇ ಅಂಟಿಕೊಂಡದ್ದು ಈ ಪ್ರಚಾರದಿಂದಲೇ ಇರಬೇಕು. ಸೇಂಟ್ ಲೂಯಿಸ್‌ನ ಟಿ. ಎಸ್. ಪಾರ್ಕ್ ಮುಂದೆ ಒಂದೇ ಕಶೇರುವಿನ ಮೂಳೆ ತೆಗೆದು ಮಾಡುವ ಕ್ರಮ ರೂಪಿಸಿದರು.

ದಾಖಲೆ ಹೆಚ್ಚು ಗೋಜಲಾಗಿರುವುದು 1997–98ರ ಮೂರು ನಿಯಂತ್ರಿತ ಪ್ರಯೋಗಗಳಲ್ಲಿ. ಬಿಗಿತ ಮೂರರಲ್ಲೂ ಇಳಿಯಿತು. ಆದರೆ ವ್ಯಾಂಕೂವರ್ ಮತ್ತು ಟೊರಾಂಟೊದಲ್ಲಿ ಮಕ್ಕಳ ಚಲನಶಕ್ತಿ ಬರೀ ಫಿಸಿಯೋಥೆರಪಿ ಪಡೆದವರಿಗಿಂತ ಸುಧಾರಿಸಿದರೆ, ಸಿಯಾಟಲ್‌ನಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಸಿಯಾಟಲ್‌ನಲ್ಲಿ ಕತ್ತರಿಸಿದ ಎಳೆಗಳ ಪ್ರಮಾಣವೇ ಕಡಿಮೆಯಿತ್ತು. ಮೂರನ್ನೂ ಒಟ್ಟುಗೂಡಿಸಿದ 2002ರ ವಿಶ್ಲೇಷಣೆ ಸಣ್ಣದಾದರೂ ನಿಜವಾದ ಲಾಭ ಕಂಡಿತು. ನಿಷೇಧಕ್ಕಾಗಲಿ ಅತಿಯಾದ ಭರವಸೆಗಾಗಲಿ ಇವು ಆಧಾರವಾಗಲಾರವು.

ಬಿಗಿತ ತಗ್ಗಿಸಲು ಬೊಟುಲಿನಂ ಚುಚ್ಚುಮದ್ದು ಮತ್ತು ಬ್ಯಾಕ್ಲೊಫೆನ್ ಪಂಪ್ ಕೂಡ 1990ರ ದಶಕದಲ್ಲಿ ಬಳಕೆಗೆ ಬಂದವು. ಅವುಗಳನ್ನು ನಿಲ್ಲಿಸಬಹುದು, ಕತ್ತರಿಸಿದ ನರವನ್ನು ಮರಳಿಸಲಾಗದು. ಆದ್ದರಿಂದ ಯಾವ ಮಗುವಿಗೆ ಶಸ್ತ್ರಚಿಕಿತ್ಸೆ ಎಂಬ ಆಯ್ಕೆಯೇ ಇಲ್ಲಿ ನಿರ್ಣಾಯಕ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯಸೇವೆ ಐದು ಆಸ್ಪತ್ರೆಗಳಲ್ಲಿ 137 ಮಕ್ಕಳ ಪ್ರಗತಿಯನ್ನು ಪರಿಶೀಲಿಸಿ, ಅರ್ಹರಿಗೆ ವೆಚ್ಚ ಭರಿಸಲು 2018ರಲ್ಲಿ ಒಪ್ಪಿತು. ಮರುವರ್ಷ ಪ್ರಕಟವಾದ ಆ ಅಧ್ಯಯನದಲ್ಲಿ ಚಲನೆ, ನೋವು ಎರಡರಲ್ಲೂ ಸುಧಾರಣೆ ಕಂಡರೂ ಹೋಲಿಸಲು ಶಸ್ತ್ರಚಿಕಿತ್ಸೆಯಾಗದ ಮಕ್ಕಳ ಗುಂಪಿರಲಿಲ್ಲ.