ಚಿತ್ರದೊಳಗಿನ ಪುಸ್ತಕ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಹಿಡಕಲ್ಲಿಗೆ ಸಮೀಪದ ಒಂದು ಊರಿನ ಶಾಲೆಯವರು ಆಧುನಿಕ ಚಿತ್ರಕಾರರನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ನಾನು ವಿನ್ಸೆಂಟ್ ವ್ಯಾನ್ ಗೋ ಎಂಬ ಡಚ್ ಕಲಾವಿದನ ಜೀವನವನ್ನು ಆರಿಸಿಕೊಂಡೆ. ಆತ 1885ರಲ್ಲಿ ಬರೆದ ಒಂದು ಚಿತ್ರವನ್ನು ವರ್ಣಿಸಿದೆ. ಮೇಜಿನ ಮೇಲೆ ತಂದೆಯ ದೊಡ್ಡ ಬೈಬಲ್, ಪಕ್ಕದಲ್ಲಿ ಆರಿದ ಮೇಣದ ಬತ್ತಿ, ಮುಂದುಗಡೆ ಎಮಿಲ್ ಜೋಲಾನ ಹಳದಿ ರಟ್ಟಿನ ಕಾದಂಬರಿ. “ಹಳೆಯ ನಂಬಿಕೆಯ ಬತ್ತಿ ಆರಿತು; ಹೊಸ ಕಾಲದ ಪುಸ್ತಕ ಮುಂದೆ ಬಂತು. ಧರ್ಮವನ್ನು ಬಿಟ್ಟ ಮೇಲೆಯೇ ಆತ ಕುಂಚವನ್ನು ಹಿಡಿದ” ಎಂದು ಭಾಷಣ ಮುಗಿಸಿದೆ. ಚಪ್ಪಾಳೆ ಬಿತ್ತು.

ಹೊರಗೆ ಬಂದಾಗ ಕ್ರೈಸ್ತ ಸಭೆಯ ಹಿರಿಯರೊಬ್ಬರು ನಿಲ್ಲಿಸಿ ಕೇಳಿದರು: “ಮಾಸ್ತರ, ಆ ಚಿತ್ರದಾಗ ಬೈಬಲ್ ಮುಚ್ಚೈತೇನ್ರಿ, ತೆರದೈತೇನ್ರಿ?”

“ತೆರೆದಿದೆ” ಎಂದೆ.

“ಹಂಗಾದ್ರ ಯಾವ ಪುಟ ತೆರದೈತ್ರಿ?”

ನನಗೆ ಉತ್ತರ ತಿಳಿದಿರಲಿಲ್ಲ. ಕಲಾವಿದನ ಮೇಲೆ ಒಂದು ಗಂಟೆ ಮಾತನಾಡಿದವನು ಅವನು ಬರೆದ ಪುಸ್ತಕದ ಪುಟವನ್ನೇ ನೋಡಿರಲಿಲ್ಲ. ಅಂದು ಮನೆಗೆ ಬಂದವನು ಮತ್ತೆ ಚಿತ್ರವನ್ನು ಹುಡುಕಿದೆ. ಅದು ಯೆಶಾಯನ ಗ್ರಂಥದ 53ನೆಯ ಅಧ್ಯಾಯ. ಜನರಿಂದ ತಿರಸ್ಕೃತನಾಗಿ, ಅವರ ನೋವನ್ನೇ ತಾನು ಹೊತ್ತ ಸೇವಕನ ಕಥೆ. ಈ ಪುಟವನ್ನು ತೆರೆದಿಟ್ಟವನು ಧರ್ಮವನ್ನು ಬಿಟ್ಟವನೇ? ಆ ಪ್ರಶ್ನೆ ನನ್ನನ್ನು ಎರಡು ಬಗೆಯ ಪುಸ್ತಕಗಳ ನಡುವೆ ಬಹುಕಾಲ ಅಲೆದಾಡಿಸಿತು. ಒಂದು ಕಡೆ ಕ್ರೈಸ್ತ ಶ್ರದ್ಧೆಯ ಪುಸ್ತಕಗಳು, ಇನ್ನೊಂದು ಕಡೆ ಕಲಾವಿದರ ಚರಿತ್ರೆಗಳು.

ಮೊದಲನೆಯ ಬಗೆಯವು ನಮ್ಮ ನಾಡಿಗೆ ಹೊಸವಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ಕೈಹಾಕಿದರು. ಅವರ ಜೊತೆಗಾರ ವಿಲಿಯಂ ರೀವ್ ನಿಘಂಟನ್ನು ಕಟ್ಟಿದರು. ಬಳ್ಳಾರಿಯಿಂದಲೇ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದು ನೆಲೆಸಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಆ ಶತಮಾನದ ನಡುಭಾಗದಲ್ಲಿ ಮಿಷನ್ನಿನವರು ಜಾನ್ ಬನ್ಯನ್ನನ ಪ್ರಸಿದ್ಧ ರೂಪಕಕಥೆಯನ್ನು ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ತಂದರು. ಬನ್ಯನ್ ಪಾತ್ರೆಗಳಿಗೆ ಕಲಾಯಿ ಹಾಕಿ, ತೇಪೆ ಹಚ್ಚಿ ಬದುಕಿದವನು. ಅನುಮತಿಯಿಲ್ಲದೆ ಉಪದೇಶ ಮಾಡಿದನೆಂದು ಹಲವು ವರ್ಷ ಸೆರೆಯಲ್ಲಿದ್ದವನು. ಅವನ ಪುಸ್ತಕ 1678ರಲ್ಲಿ ಪ್ರಕಟವಾಯಿತು. ಬೆನ್ನ ಮೇಲೆ ಹೊರೆ ಹೊತ್ತು ದೂರದ ಪಟ್ಟಣಕ್ಕೆ ನಡೆಯುವ ಒಬ್ಬ ಮನುಷ್ಯನ ಕಥೆ ಅದು. ವರ್ಷ ವರ್ಷವೂ ಪಂಢರಪುರಕ್ಕೆ ನಡೆಯುವ ವಾರಕರಿಗಳನ್ನು ಕಂಡ ನಮ್ಮ ಸೀಮೆಯವರಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಪುಸ್ತಕವನ್ನು ವಿನ್ಸೆಂಟ್ ಮೆಚ್ಚಿ ಓದಿದ್ದ. ಪಾದ್ರಿಯ ಮಗನಾಗಿ 1853ರಲ್ಲಿ ಹುಟ್ಟಿದ ಅವನು ಚಿತ್ರಮಾರಾಟದ ಅಂಗಡಿಯ ಕೆಲಸ ಕಳೆದುಕೊಂಡು 1876ರಲ್ಲಿ ಇಂಗ್ಲೆಂಡಿನಲ್ಲಿ ಉಪಾಧ್ಯಾಯನಾಗಿದ್ದಾಗ, ಬನ್ಯನ್ನನನ್ನು ಓದೆಂದು ತಮ್ಮ ಥಿಯೋನಿಗೆ ಕಾಗದ ಬರೆದ. ಅದೇ ವರ್ಷ ಅವನು ಮಾಡಿದ ಮೊದಲ ಉಪದೇಶದ ವಿಷಯವೂ ಯಾತ್ರೆಯೇ: ಮನುಷ್ಯನು ಈ ಭೂಮಿಯಲ್ಲಿ ಪರದೇಶಿ ಎಂಬ ಕೀರ್ತನೆಯ ಮಾತನ್ನು ಹಿಡಿದು, ತಾನು ನೋಡಿದ ಒಂದು ಚಿತ್ರವನ್ನು ಕೇಳುಗರ ಕಣ್ಣ ಮುಂದೆ ನಿಲ್ಲಿಸಿದ. ಉಪದೇಶಕನೊಳಗೆ ಚಿತ್ರಕಾರನು ಆಗಲೇ ಇದ್ದನೆಂದರೆ ಅತಿಶಯೋಕ್ತಿಯಲ್ಲ. 1877ರಲ್ಲಿ ಒಂದು ಪುಸ್ತಕದಂಗಡಿಯ ಕೆಲಸದಲ್ಲಿದ್ದಾಗ, ಬಿಡುವಿನಲ್ಲಿ ಬೈಬಲಿನ ಭಾಗಗಳನ್ನು ಬೇರೆ ಬೇರೆ ಭಾಷೆಗಳಿಗೆ ಅನುವಾದಿಸುತ್ತ ಕೂಡುತ್ತಿದ್ದನಂತೆ.

ಮುಂದೆ ಆಮ್‌ಸ್ಟರ್‌ಡಾಮಿನಲ್ಲಿ ದೇವಶಾಸ್ತ್ರದ ಓದು ಕೈಗೂಡಲಿಲ್ಲ. 1878ರ ಕೊನೆಗೆ ಬೆಲ್ಜಿಯಮ್ಮಿನ ಬೊರಿನಾಜ್ ಎಂಬ ಕಲ್ಲಿದ್ದಲ ಗಣಿಗಳ ಸೀಮೆಗೆ ಹೋದ. ಮರುವರ್ಷ ಆರು ತಿಂಗಳ ಪರೀಕ್ಷಾವಧಿಗೆ ಉಪದೇಶಕನಾಗಿ ನೇಮಕವಾಯಿತು. ಉಟ್ಟ ಬಟ್ಟೆಯನ್ನು ಬಡವರಿಗೆ ಕೊಟ್ಟ, ಗುಡಿಸಲಿನಲ್ಲಿ ಮಲಗಿದ. 1879ರ ಏಪ್ರಿಲಿನಲ್ಲಿ ಆ ಸೀಮೆಯ ಒಂದು ಗಣಿಯಲ್ಲಿ ಅನಿಲ ಸ್ಫೋಟವಾಗಿ ನೂರಕ್ಕೂ ಮೇಲ್ಪಟ್ಟು ಕೆಲಸಗಾರರು ಸತ್ತರು. ವಿನ್ಸೆಂಟ್ ರೋಗಿಗಳ ಮತ್ತು ಗಾಯಗೊಂಡವರ ಶುಶ್ರೂಷೆ ಮಾಡಿದ. ಇದನ್ನು ಅವನ ಮೇಲಿನವರೂ ಒಪ್ಪಿಕೊಂಡರು. ಆದರೆ ವಾಕ್ಪಟುತ್ವ ಸಾಲದೆಂದು ಅವನನ್ನು ಮುಂದುವರಿಸಲಿಲ್ಲ. 1880ರಲ್ಲಿ ಆತ ಚಿತ್ರಕಾರನಾಗಲು ನಿಶ್ಚಯಿಸಿದ.

ಹೀಗಾಗಿ, ಅವನು ಸಭೆಯನ್ನು ಬಿಟ್ಟನೆನ್ನುವುದಕ್ಕಿಂತ ಮೊದಲು ಸಭೆಯೇ ಅವನನ್ನು ಬಿಟ್ಟಿತೆನ್ನಬೇಕು. ನಂತರ ಅವನು ಪಾದ್ರಿಗಳ ಮೇಲೆ ಸಿಟ್ಟಾದದ್ದೂ, ತಂದೆಯೊಡನೆ ಜಗಳವಾಡಿದ್ದೂ ನಿಜ. ಅವನನ್ನು ಮತ್ತೆ ಸಂತನನ್ನಾಗಿ ಮಾಡಲು ಹೊರಡುವ ಶ್ರದ್ಧಾಳು ಲೇಖಕರು ಇದನ್ನು ಮರೆಯಬಾರದು. ಆದರೆ ನನ್ನಂಥವರು ಮರೆಯುವ ಸಂಗತಿಗಳೂ ಇವೆ. 1888ರಲ್ಲಿ ಆತ ಗೆಳೆಯನಿಗೆ ಬರೆದ ಕಾಗದದಲ್ಲಿ ಕ್ರಿಸ್ತನನ್ನು ಎಲ್ಲ ಕಲಾವಿದರಿಗಿಂತ ದೊಡ್ಡವನೆಂದು ಕರೆದ. ಅವನು ಜೀವವುಳ್ಳ ಮನುಷ್ಯರಲ್ಲೇ ಕೆಲಸ ಮಾಡಿದವನೆಂಬುದು ಅವನ ವಾದ. 1890ರಲ್ಲಿ, ಸಾಯುವ ಕೆಲವೇ ತಿಂಗಳ ಮೊದಲು, ದಯಾಳು ಸಮಾರ್ಯದವನನ್ನೂ, ಸಮಾಧಿಯಿಂದೆದ್ದ ಲಾಜರನನ್ನೂ ಚಿತ್ರಿಸಿದ.

ಇನ್ನು 1885ರ ಆ ಚಿತ್ರ. ತಂದೆ ತೀರಿಕೊಂಡದ್ದು ಅದೇ ವರ್ಷದ ಮಾರ್ಚಿನಲ್ಲಿ. ಜೋಲಾನ ಕಾದಂಬರಿಯೂ ಪರರಿಗಾಗಿ ತನ್ನದೆಲ್ಲವನ್ನೂ ತೆರುವ ಒಬ್ಬ ಹೆಣ್ಣಿನ ಕಥೆ. ನಾನು ಜಗಳವೆಂದು ಸಾರಿದ್ದು ಬಹುಶಃ ಜಗಳವಾಗಿರಲಿಲ್ಲ. ಎರಡೂ ಪುಸ್ತಕಗಳಲ್ಲಿ ಮಗನು ಒಂದೇ ಮಾತನ್ನು ಓದಿದ್ದನೇನೋ.

ಇದು ಪರದೇಶದ ಮಾತಾಯಿತು. ನಮ್ಮ ಬೆಳಗಾವಿಯ ಘಟ್ಟ ಇಳಿದರೆ ಗೋವೆ. ಅಲ್ಲಿ 1902ರಲ್ಲಿ ಹುಟ್ಟಿದ ಆಂಜೆಲೊ ದ ಫೊನ್ಸೆಕ ಮುಂಬಯಿಯಲ್ಲಿಯೂ ಶಾಂತಿನಿಕೇತನದಲ್ಲಿಯೂ ಕಲಿತು, ಮರಿಯಮ್ಮನಿಗೆ ಸೀರೆ ಉಡಿಸಿ, ನಮ್ಮ ದೇಶದ ತಾಯಿಯಂತೆ ಬರೆದರು. ಪೋರ್ತುಗೀಜರ ಆಳ್ವಿಕೆಯ ಗೋವೆಯಲ್ಲಿ ಸ್ವಂತ ಜನರೇ ಇದನ್ನು ಒಪ್ಪಲಿಲ್ಲ. ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮ ಅವರಿಗೆ ಆಸರೆಯಾಯಿತು. 1967ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಹಾದಿಯನ್ನು ಬಿಡಲಿಲ್ಲ. ಅದೇ ಗೋವೆಯ ಸಾಲಿಗಾಂವದಲ್ಲಿ 1924ರಲ್ಲಿ ಹುಟ್ಟಿದ ಸೋಜ, ಬಾಲ್ಯದಲ್ಲಿ ಸಿಡುಬಿನಿಂದ ಉಳಿದುಕೊಂಡದ್ದಕ್ಕೆ ತಾಯಿಯ ಹರಕೆಯಂತೆ ‘ಫ್ರಾನ್ಸಿಸ್’ ಎಂಬ ಸಂತನ ಹೆಸರನ್ನು ಪಡೆದರು. ಅವರು 1959ರಲ್ಲಿ ಬರೆದ ಶಿಲುಬೆಯ ಚಿತ್ರದಲ್ಲಿ ಕರುಣೆಗಿಂತ ಮುಳ್ಳೇ ಹೆಚ್ಚು. ಒಬ್ಬರದು ಪ್ರಾರ್ಥನೆ, ಇನ್ನೊಬ್ಬರದು ಕದನ. ಆದರೆ ಇಗರ್ಜಿಯ ಗಂಟೆ ಕೇಳದೆ ಬೆಳೆದವನು ಇವೆರಡನ್ನೂ ಬರೆಯಲಾರ.

ಕಲಾವಿದರ ಚರಿತ್ರೆ ಬರೆಯುವವರು ಅವರ ಸಾಲ, ಪ್ರಣಯ, ಕಾಯಿಲೆಗಳನ್ನು ಅಚ್ಚುಕಟ್ಟಾಗಿ ಬರೆಯುತ್ತಾರೆ. ಬಾಲ್ಯದಲ್ಲಿ ಅವರು ಓದಿದ ಧರ್ಮಗ್ರಂಥವನ್ನು ಒಂದು ಸಾಲಿನಲ್ಲಿ ದಾಟುತ್ತಾರೆ. ಧರ್ಮದ ಪುಸ್ತಕ ಬರೆಯುವವರಾದರೋ ಕಲಾವಿದನ ಸಿಟ್ಟು ಸಂದೇಹಗಳನ್ನು ಮುಚ್ಚಿಡುತ್ತಾರೆ. ನಮ್ಮ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ಹುನ್ನೂರಿನ ವಿಠ್ಠಲ ದೇವಸ್ಥಾನ ಹೊರಗೆ ಕಾಣುತ್ತದೆ. ಮಳೆಗಾಲದಲ್ಲಿ ಬಂದು ನೋಡಿದವನು ಅಲ್ಲಿ ಗುಡಿಯೇ ಇಲ್ಲವೆಂದು ಬರೆದುಕೊಂಡು ಹೋದರೆ ತಪ್ಪು ಯಾರದು?

ಆ ಹಿರಿಯರನ್ನು ಕಂಡು ಯೆಶಾಯನ 53 ಎಂದು ಹೇಳಿ ಬಂದೆ. ಅವರು ನಕ್ಕು, “ಆ ಅಧ್ಯಾಯ ನಮಗ ಬಾಯಿಪಾಠ ಐತ್ರಿ. ಆದ್ರ ಆ ಕಾದಂಬರಿ ನಾ ಓದಿಲ್ಲ. ಸಿಕ್ಕರ ಕೊಡ್ರಿ” ಎಂದರು. ನಾನಿನ್ನೂ ಅದನ್ನು ಹುಡುಕುತ್ತಿದ್ದೇನೆ.